ಜನರಲ್ ಮಾತಾಡುವ ತನಕ

ಚುನಾವಣೆಯ ಫಲಿತಾಂಶ ಬಂದ ವಾರ ಆಂಧ್ರದ ಗಡಿಯ ಪೆದ್ದಹರಿವಾಣದ ಗ್ರಾಮ ಸಚಿವಾಲಯಕ್ಕೆ ಹೋಗಿದ್ದೆ, ತಂಗಿಯ ಮಗಳ ಆದಾಯ ಪ್ರಮಾಣಪತ್ರಕ್ಕೆ. ಒಳಗೆ ಜವಾನನೊಬ್ಬ ಏಣಿ ಹತ್ತಿ ಹಳೆಯ ಮುಖ್ಯಮಂತ್ರಿಯ ಫೋಟೋ ಇಳಿಸುತ್ತಿದ್ದ. ಕೆಳಗಿದ್ದವರು ಅತ್ತ ನೋಡುತ್ತಲೂ ಇರಲಿಲ್ಲ. ಆಧಾರ್ ಕಾರ್ಡು ಹಿಡಿದು ತಮ್ಮ ಸರದಿ ಕಾಯುತ್ತಿದ್ದರು. ಹೊರಗೆ ಕಟ್ಟಡಕ್ಕೆ ಹೊಸ ಬಣ್ಣ ಬಳಿಯಲು ಡಬ್ಬಗಳು ಬಂದಿಳಿದಿದ್ದವು. ನಾನು ಮಾತ್ರ ಜನರನ್ನು ತಳ್ಳಿಕೊಂಡು ಹೋಗಿ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆನಂತೆ. ‘ಇಳಿಸಬ್ಯಾಡಪಾ, ಇನ್ನಾ ಇಳಿಸಬ್ಯಾಡ’ ಅಂದೆನಂತೆ. ಅಂದದ್ದು ನನಗೆ ನೆನಪಿಲ್ಲ. ಮೇಲಿದ್ದವ ನನ್ನನ್ನು ಸೋತ ಪಕ್ಷದವನೆಂದು ತಿಳಿದು, ‘ಐದು ವರ್ಷ ಬಿಟ್ಟು ಮತ್ತ ಇದನ್ನ ಹಾಕೋಣ, ಅಳಬ್ಯಾಡ್ರಿ’ ಎಂದ. ಎಲ್ಲರೂ ನಕ್ಕರು. ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆ. ಅಂಗಿ ಬೆವರಿಗೆ ಮೈಗಂಟಿತ್ತು.

ಇದನ್ನು ಬರೆಯಬೇಕೆನಿಸಿದ್ದು ಆವತ್ತು.

ನಾನು ಆದೋನಿಯಲ್ಲಿ ಬಿ.ಎಸ್‌ಸಿ. ಓದಿ, ಮಾರ್ಕೆಟ್ ಯಾರ್ಡಿನ ಹಿಂದೆ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆಯ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದವನು. ಹತ್ತಿಯನ್ನು ಬೆರಳ ನಡುವೆ ಎಳೆದು ಎಳೆಯ ಉದ್ದ ನೋಡುವುದು, ತೇವ ಎಷ್ಟಿದೆ, ಕಸ ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ಅದೇ ಮಿಲ್ಲಿನಲ್ಲಿ ಹಾಲಹರವಿಯ ಒಬ್ಬ ಫಿಟ್ಟರ್ ಇದ್ದ. ನಮ್ಮ ತಾಯಿಯ ಕಡೆಯಿಂದ ನನಗೆ ಸೋದರಮಾವನ ವರಸೆ. ಮಾವ ಎಂದೇ ಕರೆಯುತ್ತಿದ್ದೆ. ಜಿನ್ನಿನ ರೋಲರುಗಳಿಗೆ ಗೀರು ಹೊಡೆಯುವುದು, ಬೆಲ್ಟು ಬದಲಿಸುವುದು ಅವನ ಕೆಲಸ. ಅದರ ಜೊತೆಗೆ ಇನ್ನೊಂದು ಕೆಲಸ ಅವನ ಪಾಲಿಗೆ ತಾನಾಗಿ ಬಂದುಬಿಟ್ಟಿತ್ತು. ವೋಟಿನ ಎಣಿಕೆ ನಡೆದ ದಿನ ಮಧ್ಯಾಹ್ನದ ಹೊತ್ತಿಗೆ ಮಿಲ್ಲಿನ ಮಾಲೀಕ ಸೇಟು ಯಾರ್ಡಿನಿಂದ ಫೋನು ಮಾಡುತ್ತಿದ್ದ. ಮಾವ ಬೆಲ್ಟು ಬದಲಿಸುವ ಏಣಿಯನ್ನು ಆಫೀಸಿಗೆ ತಂದು, ಗೋಡೆಯ ಮೇಲಿನ ಮುಖ್ಯಮಂತ್ರಿಯನ್ನು ಇಳಿಸಿ ಹೊಸಬನನ್ನು ಏರಿಸುತ್ತಿದ್ದ. ಇಳಿಸಿದ್ದನ್ನು ಒಡೆಯುತ್ತಿರಲಿಲ್ಲ. ಒರೆಸಿ, ಬಟ್ಟೆಯಲ್ಲಿ ಸುತ್ತಿ, ಬೀರುವಿನ ಹಿಂದೆ ಇಡುತ್ತಿದ್ದ. ಸೋತಾತ ಮತ್ತೆ ಬರುತ್ತಾನೆ, ಆವಾಗ ಹೊಸ ಫ್ರೇಮು ಯಾಕೆ ದಂಡ ಎನ್ನುವುದು ಅವನ ವಾದ. ನಮ್ಮ ಕಡೆ ಸರ್ಕಾರ ಬದಲಾಗುವುದೆಂದರೆ ಇಷ್ಟೆ. ಒಂದು ಏಣಿ, ಒಂದು ಒದ್ದೆ ಬಟ್ಟೆ.

ಸೇಟಿನ ನೆಂಟರೊಬ್ಬರು ಆಫ್ರಿಕಾದ ಒಂದು ದೇಶದಲ್ಲಿ ಜಿನ್ ಹಾಕಿದರು. ಯಂತ್ರಗಳು ನಮ್ಮವೇ, ಅಲ್ಲಿ ಅವನ್ನು ಬಲ್ಲವರಿರಲಿಲ್ಲ. ಮಾವನನ್ನು ಕರೆದರು. ಇಂಗ್ಲಿಷು ಬಲ್ಲ ಒಬ್ಬ ಜೊತೆಗಿರಲಿ ಎಂದು ನನ್ನನ್ನೂ ಕರೆದರು. ಆ ದೇಶದ ಹೆಸರು ಬರೆಯುವುದಿಲ್ಲ. ಕಾರಣ ಮುಂದೆ ಗೊತ್ತಾಗುತ್ತದೆ.

ಅಲ್ಲಿಯೂ ಆಫೀಸಿನ ಗೋಡೆಯ ಮೇಲೆ ಫೋಟೋ ಇದ್ದವು. ಒಂದಲ್ಲ, ಎರಡು. ಒಂದು ಅಧ್ಯಕ್ಷನದು. ಅದರ ಪಕ್ಕದಲ್ಲಿ ಅಷ್ಟೇ ಎತ್ತರಕ್ಕೆ, ದೇಶದ ಸೇನೆಗೆಲ್ಲ ದೊಡ್ಡವನಾದ ಜನರಲ್‌ನದು. ಎದೆಯ ಮೇಲೆ ಪದಕಗಳು, ಸ್ವಲ್ಪ ಉಬ್ಬಿದ ಕೆನ್ನೆ, ಕ್ಯಾಮೆರಾ ಕಡೆ ನೋಡದ ಕಣ್ಣು. ಅಧ್ಯಕ್ಷನ ಫ್ರೇಮು ಹೊಸದು. ಜನರಲ್‌ನ ಫ್ರೇಮಿನ ಕಟ್ಟಿಗೆ ಕಪ್ಪಾಗಿತ್ತು, ಗಾಜಿನೊಳಗೆ ಅರಳೆಯ ಧೂಳು ಸೇರಿತ್ತು. ಇದರ ಅರ್ಥ ಹೇಳಿದವನು ನಮ್ಮ ಸ್ಟೋರ್‌ಕೀಪರ್, ಆ ಊರಿನವನೇ, ನಲವತ್ತರ ಆಸುಪಾಸಿನ ಮನುಷ್ಯ. ಮಾವನ ಜೊತೆ ಊಟ ಮಾಡಿ ಮಾಡಿ ನಾಲ್ಕಾರು ಕನ್ನಡ ಮಾತು ಕಲಿತಿದ್ದ. ಅವನ ಪ್ರಕಾರ ಈ ಜನರಲ್‌ನನ್ನು ಆ ಕುರ್ಚಿಗೆ ತಂದ ಅಧ್ಯಕ್ಷ ಜೈಲಿನಲ್ಲಿ ಸತ್ತ. ಅವನ ನಂತರದವನು ಚುನಾವಣೆ ಗೆದ್ದು ಬಂದ, ಇವನನ್ನು ತೆಗೆಯುತ್ತೇನೆಂದು ಭಾಷಣ ಮಾಡಿದ್ದ, ತೆಗೆಯಲಿಲ್ಲ, ತಾನೇ ದೇಶ ಬಿಟ್ಟು ಓಡಿದ. ಈಗಿನವನು ಮೂರನೆಯವನು. ಜನರಲ್ ಯಾರನ್ನೂ ತಾನಾಗಿ ಕೆಡವಿದವನಲ್ಲ, ಯಾರನ್ನೂ ಉಳಿಸಿದವನೂ ಅಲ್ಲ. ಬೆಳಿಗ್ಗೆ ಗಲಾಟೆಯಾದರೆ ಮನೆಯೊಳಗಿರುತ್ತಾನೆ. ಮಧ್ಯಾಹ್ನ ಯಾರು ಗೆದ್ದರೆಂದು ಸ್ಪಷ್ಟವಾದ ಮೇಲೆ ಯೂನಿಫಾರ್ಮ್ ಹಾಕಿಕೊಂಡು ಬಂದು ಅವರಿಗೆ ಸಲ್ಯೂಟ್ ಹೊಡೆಯುತ್ತಾನೆ. ಅವನು ಸಲ್ಯೂಟ್ ಹೊಡೆದವನೇ ಅಧ್ಯಕ್ಷ.

ಇದನ್ನು ಅವನು ಊಟದ ಹೊತ್ತಿನಲ್ಲಿ, ನಗುತ್ತಲೇ ಹೇಳಿದ್ದ. ನಾನು ಕನ್ನಡದಲ್ಲಿ ಹೇಳಿದಾಗ ಮಾವನೂ ನಕ್ಕ. ‘ಹಂಗಾರ ಈತನ ಫೋಟೋ ಇಳಿಸೋ ಕೆಲಸ ಇಲ್ಲ. ಒಂದು ಏಣಿ ಉಳೀತು’ ಎಂದ.

ಆಮೇಲೆ ಒಂದು ದಿನ ಬೆಳಿಗ್ಗೆ ರೇಡಿಯೋದಲ್ಲಿ ಬರುತ್ತಿದ್ದ ಹಾಡು ನಡುವೆ ನಿಂತಿತು. ಯಾರೋ ಎಳೆಯ ದನಿಯವನು ಇಂಗ್ಲಿಷಿನಲ್ಲಿ ಓದಿದ. ಅಧ್ಯಕ್ಷನನ್ನು ವಶಕ್ಕೆ ತೆಗೆದುಕೊಂಡಿದ್ದೇವೆ, ಗಡಿ ಮುಚ್ಚಿದ್ದೇವೆ, ಜನರು ಮನೆಯಲ್ಲೇ ಇರಬೇಕು. ಆಮೇಲೆ ಬ್ಯಾಂಡಿನ ಸಂಗೀತ. ಮಿಲ್ಲಿನ ಹೆಣ್ಣಾಳುಗಳು ಗೇಟು ದಾಟಿ ಹೋದರು. ನಾನು ಮಾಲೀಕರಿಗೆ ಫೋನು ಹಚ್ಚುತ್ತ, ಅರಳೆಯನ್ನು ಒತ್ತಿ ಬೇಲು ಕಟ್ಟುವ ಪ್ರೆಸ್ಸಿನ ಕಡೆ ಓಡಾಡುತ್ತಿದ್ದೆ. ನೆಟ್‌ವರ್ಕ್ ಇರಲಿಲ್ಲ. ಮಾವ ಬಂದು ಏನಂತೆ ಎಂದು ಕೇಳಿದ. ಅಧ್ಯಕ್ಷನನ್ನು ಹಿಡಿದರಂತೆ ಎಂದೆ.

‘ಅಯಿಪಾಯ, ಗೌರ್ಮೆಂಟ್ ಹೋತು’ ಎಂದ ಮಾವ. ಊರಲ್ಲಿ ಹೇಳುವಂತೆಯೇ ಹೇಳಿದ, ಅರ್ಧ ತೆಲುಗು, ಅರ್ಧ ಕನ್ನಡ.

ನಾನು ಮತ್ತೆ ಫೋನಿನ ಕಡೆ ತಿರುಗಿದೆ. ಆಫೀಸಿಗೆ ಬಂದಾಗ ಏಣಿ ಗೋಡೆಗೆ ಒರಗಿತ್ತು. ಅಧ್ಯಕ್ಷನಿದ್ದ ಜಾಗದಲ್ಲಿ ಗೋಡೆ ಬೆಳ್ಳಗೆ, ಚೌಕಾಕಾರವಾಗಿ ಕಾಣುತ್ತಿತ್ತು. ಮಾವ ಕೈ ಒರೆಸಿಕೊಳ್ಳುತ್ತಿದ್ದ. ಯಾರೂ ಹೇಳಿರಲಿಲ್ಲ. ಊರಿನಲ್ಲಿ ಇಷ್ಟು ವರ್ಷ ಮಾಡಿದ್ದನ್ನು ಇಲ್ಲಿಯೂ ಮಾಡಿದ್ದ, ಹೊತ್ತಾದರೆ ಮಾಲೀಕರಿಗೆ ಮುಜುಗರವಾದೀತೆಂದು.

ಸ್ಟೋರ್‌ಕೀಪರ್ ಆಗ ಒಳಗೆ ಬಂದ. ಗೋಡೆ ನೋಡಿ ನಿಂತ. ಯಾರು ಇಳಿಸಿದ್ದು ಎಂದು ಕೇಳಲಿಲ್ಲ, ಏಣಿ ಹೇಳುತ್ತಿತ್ತಲ್ಲ.

‘ಜನರಲ್ ಮಾತಾಡಿದನೆ?’ ಎಂದು ನನ್ನನ್ನು ಕೇಳಿದ.

ಇಲ್ಲ, ಬೇರೆ ಯಾರೋ ಮಾತಾಡಿದರು ಎಂದೆ.

‘ಹಾಗಾದರೆ ಇನ್ನೂ ಏನೂ ಆಗಿಲ್ಲ. ಎಲ್ಲಿದೆ ಅದು? ಕೊಡಿ.’

ಮಾವನಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. ಬೀರುವಿನ ಹಿಂದಿನಿಂದ ತೆಗೆದು, ಸುತ್ತಿದ್ದ ಬಟ್ಟೆ ಬಿಚ್ಚಿ ಕೊಟ್ಟ. ಅಷ್ಟರಲ್ಲಿ ಗೇಟಿನಲ್ಲಿ ಲಾರಿಯ ಸದ್ದು. ಸೈನಿಕರು ಬಂದಿದ್ದು ನಮ್ಮನ್ನು ಹುಡುಕಿಕೊಂಡಲ್ಲ. ಮಿಲ್ಲಿನ ಜನರೇಟರಿಗೆ ಇಟ್ಟಿದ್ದ ಡೀಸೆಲ್ ಅವರಿಗೆ ಬೇಕಿತ್ತು, ಅಷ್ಟೆ. ಕೆಲವರು ಡ್ರಮ್ಮುಗಳ ಕಡೆ ಹೋದರು. ಅವರ ಕ್ಯಾಪ್ಟನ್ ಮಾತ್ರ ಫೋನು ಇದೆಯೇ ನೋಡಲು ಆಫೀಸಿಗೆ ಬಂದ. ಅವನು ಬಾಗಿಲಿಗೆ ಬಂದಾಗ ಸ್ಟೋರ್‌ಕೀಪರ್ ಏಣಿಯ ಮೇಲಿದ್ದ. ಫೋಟೋ ಮೊಳೆಗೆ ಸಿಕ್ಕಿ ಇನ್ನೂ ಅಲುಗಾಡುತ್ತಿತ್ತು.

ಕ್ಯಾಪ್ಟನ್ ನನಗಿಂತ ಚಿಕ್ಕವನಿರಬೇಕು. ಕಣ್ಣು ಕೆಂಪಾಗಿದ್ದವು. ಫೋಟೋ ನೋಡಿದ, ಏಣಿ ನೋಡಿದ, ಮಾವನ ಕೈಯಲ್ಲಿದ್ದ ಬಟ್ಟೆ ನೋಡಿದ. ಇದನ್ನು ಇಳಿಸಿದವರು ಯಾರು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಸ್ಟೋರ್‌ಕೀಪರ್ ಮೇಲಿನಿಂದಲೇ, ನಾನೇ ಸರ್, ಒರೆಸುವುದಕ್ಕೆ ಎಂದ.

‘ಈ ದಿನವೇ ಒರೆಸಬೇಕಾಯಿತೆ?’

ಕ್ಯಾಪ್ಟನ್ ಮೂವರನ್ನೂ ಹೊರಗೆ ನಡೆಸಿ, ಬೇಲುಗಳ ರಾಶಿಗೆ ಬೆನ್ನು ಹಚ್ಚಿ ಬಿಸಿಲಿನಲ್ಲಿ ಕೂರಿಸಿದ. ಇಬ್ಬರು ಸೈನಿಕರನ್ನು ಎದುರಿಗೆ ನಿಲ್ಲಿಸಿದ. ತಾನು ಲಾರಿಯ ಬಾನೆಟ್ಟಿನ ಮೇಲೆ ಒಂದು ಸಣ್ಣ ರೇಡಿಯೋ ಇಟ್ಟುಕೊಂಡು ನಿಂತ. ಬ್ಯಾಂಡಿನ ಸಂಗೀತ ಮುಗಿಯುತ್ತಿರಲಿಲ್ಲ.

ಮೊದಲಿಗೆ ನನಗೆ ಅರ್ಥವಾಗಲಿಲ್ಲ. ಹೊಡೆಯುವುದಾದರೆ ಹೊಡೆಯಬೇಕು, ಬಿಡುವುದಾದರೆ ಬಿಡಬೇಕು, ಇವನೇಕೆ ಕಾಯುತ್ತಿದ್ದಾನೆ? ಆಮೇಲೆ ಅವನ ಬೆರಳುಗಳನ್ನು ನೋಡಿದೆ. ರೇಡಿಯೋದ ಗುಂಡಿಯನ್ನು ತಿರುಗಿಸುತ್ತಿದ್ದ, ಮತ್ತೆ ಅದೇ ಜಾಗಕ್ಕೆ ತರುತ್ತಿದ್ದ. ತಾನು ಯಾರ ಸೈನಿಕ ಎನ್ನುವುದು ಅವನಿಗೂ ಗೊತ್ತಿರಲಿಲ್ಲ. ಅವನೂ ನಮ್ಮ ಹಾಗೆ ಜನರಲ್‌ನ ಮಾತಿಗೆ ಕಾಯುತ್ತಿದ್ದ.

ಮಾವನಿಗೆ ಮೆಲ್ಲಗೆ ಎಲ್ಲವನ್ನೂ ಹೇಳಿದೆ. ಇಳಿಸಿದ್ದು ತಾನೇ ಎಂದು ಸ್ಟೋರ್‌ಕೀಪರ್ ಒಪ್ಪಿಕೊಂಡಿದ್ದಾನೆ. ಏರಿಸುತ್ತಿದ್ದುದನ್ನು ಕ್ಯಾಪ್ಟನ್ ಕಣ್ಣಾರೆ ನೋಡಿದ್ದಾನೆ. ಜನರಲ್ ಅಧ್ಯಕ್ಷನ ಪರ ಮಾತಾಡಿದರೆ ಇಳಿಸಿದವನು ದ್ರೋಹಿ. ಬಂಡೆದ್ದವರ ಪರ ಮಾತಾಡಿದರೆ ಏರಿಸಿದವನು ದ್ರೋಹಿ. ಯಾವ ಕಡೆ ಹೋದರೂ ಸಿಕ್ಕಿಬೀಳುವವನು ಇವನೇ. ಮಾವ ತಲೆ ತಗ್ಗಿಸಿ ಕೇಳಿದ. ನಂತರ ನೆಲಕ್ಕೆ ಕೈಯೂರಿ ಏಳಲು ನೋಡಿದ.

‘ಇಳಿಸಿದಾತ ನಾನು ಅಂತ ಹೇಳು ಅಳಿಯಾ. ನನಗ ಇಂಗ್ಲಿಷ್ ಬರಂಗಿಲ್ಲ, ನೀ ಹೇಳು.’

ಸ್ಟೋರ್‌ಕೀಪರ್ ಅವನ ಲುಂಗಿ ಹಿಡಿದು ಕೂರಿಸಿದ. ತುಟಿ ಅಲುಗಿಸದೆ ನನಗೆ ಹೇಳಿದ್ದು ಇಷ್ಟು: ಜನರಲ್‌ಗಿಂತ ಮೊದಲೇ ಒಬ್ಬ ಪರದೇಶಿ ಫೋಟೋ ಇಳಿಸಿದ ಎಂದರೆ ಅವನಿಗೆ ಮೊದಲೇ ಗೊತ್ತಿತ್ತು ಎಂದಾಗುತ್ತದೆ. ಗೂಢಚಾರ ಅನ್ನುತ್ತಾರೆ. ಗೂಢಚಾರನನ್ನು ಹೀಗೆ ಬೇಲುಗಳಿಗೆ ಒರಗಿಸಿ ಪ್ರಶ್ನೆ ಕೇಳುವುದಿಲ್ಲ. ನನಗಾದರೆ ಪ್ರಶ್ನೆ ಕೇಳುತ್ತಾರೆ.

ಬಿಸಿಲು ಏರಿತು. ಹರಿದ ಬೇಲಿನಿಂದ ಅರಳೆ ಹಾರಿ ಬೆವರಿದ ಕುತ್ತಿಗೆಗೆ ಅಂಟುತ್ತಿತ್ತು. ಎದುರಿನ ಸೈನಿಕನೊಬ್ಬ ನಮ್ಮ ನೀರಿನ ಕೊಡದಿಂದ ಕುಡಿದು, ಮಗ್ಗನ್ನು ಮತ್ತೆ ತುಂಬಿ ಮಾವನಿಗೂ ಕೊಟ್ಟ. ಅದೇ ಸೈನಿಕ ಆಮೇಲೆ ಮಾವನ ಹೆಗಲು ಮುರಿದ. ಈ ಎರಡನ್ನೂ ನಾನು ಒಂದೇ ಮನುಷ್ಯನ ಕೈಯಲ್ಲಿ ಕೂಡಿಸಿ ನೋಡಲು ಇನ್ನೂ ಆಗಿಲ್ಲ.

ಸಂಗೀತ ನಿಂತಿತು. ಯಾರೋ ಕೆಮ್ಮಿದರು. ಆಮೇಲೆ ಮುದಿ ದನಿಯೊಂದು, ನಿದ್ದೆಯಿಂದ ಎದ್ದು ಬಂದಂತೆ, ಆತುರವೇ ಇಲ್ಲದೆ ಮಾತಾಡತೊಡಗಿತು. ಅಧಿಕಾರಿಗಳ ಜೊತೆ ಮಾತಾಡಿದ್ದೇನೆ, ರಕ್ತ ಹರಿಯಬಾರದು, ಆದ್ದರಿಂದ ಸೇನೆಯು ಹೊಸ ಸಮಿತಿಯ ತೀರ್ಮಾನದ ಜೊತೆ ನಿಲ್ಲುತ್ತದೆ, ಜನರು ತಮ್ಮ ತಮ್ಮ ಕೆಲಸ ನೋಡಿಕೊಳ್ಳಲಿ. ಅಷ್ಟೇ. ಒಬ್ಬ ಅಧ್ಯಕ್ಷನ ಅಧಿಕಾರ ಮುಗಿಸುವುದಕ್ಕೆ ನಮ್ಮ ಯಾರ್ಡಿನಲ್ಲಿ ಒಂದು ಗಾಡಿ ಹತ್ತಿ ಹರಾಜು ಕೂಗುವಷ್ಟು ಹೊತ್ತೂ ಹಿಡಿಯಲಿಲ್ಲ.

ಕ್ಯಾಪ್ಟನ್ ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡ. ಮುಖ ಒಮ್ಮೆಗೇ ಹಗುರಾಯಿತು, ಹೆಚ್ಚುಕಡಿಮೆ ಕಾಲೇಜು ಹುಡುಗರ ಮುಖ. ಸೈನಿಕರು ಆಕಾಶಕ್ಕೆ ಗುಂಡು ಹಾರಿಸಿದರು. ಅವನು ನಮ್ಮ ಕಡೆ ತಿರುಗಿ, ಸ್ಟೋರ್‌ಕೀಪರನತ್ತ ಬೆರಳು ಮಾಡಿ, ಅಧ್ಯಕ್ಷನನ್ನು ಮತ್ತೆ ಏರಿಸುತ್ತಿದ್ದವನು ಇವನು, ಲಾರಿಗೆ ಹತ್ತಿಸಿ ಎಂದ. ಕೋಪವೂ ಇರಲಿಲ್ಲ ದನಿಯಲ್ಲಿ. ಡೀಸೆಲ್ ಡ್ರಮ್ಮು ಹತ್ತಿಸಿ ಎಂದ ಹಾಗೆ.

ಇಬ್ಬರು ಅವನನ್ನು ಎಳೆದುಕೊಂಡು ಹೋದರು. ಅವನು ಬಿಡಿಸಿಕೊಳ್ಳಲು ನೋಡಲಿಲ್ಲ. ಮಾವ ಎದ್ದು ಹಿಂದೆಯೇ ನಡೆದ. ಹೇಳು, ಹೇಳು ಎನ್ನುತ್ತಿದ್ದ ನನಗೆ. ನಾನು ಹೇಳಿದೆ. ಇಳಿಸಿದ್ದು ಈ ಮುದುಕ, ನಮ್ಮ ಊರಲ್ಲಿ ಸರ್ಕಾರ ಬದಲಾದ ದಿನ ಫೋಟೋ ಬದಲಿಸುವುದು ಇವನ ಕೆಲಸ, ಅಭ್ಯಾಸದಿಂದ ಮಾಡಿದ, ಇವನಿಗೆ ತೊಂದರೆಯಾಗಬಾರದೆಂದು ಆತ ಮತ್ತೆ ಏರಿಸಿದ, ಇಬ್ಬರಿಗೂ ರಾಜಕೀಯ ಗೊತ್ತಿಲ್ಲ. ಒಂದೇ ಉಸಿರಿಗೆ ಹೇಳಿದೆ. ಇಂಗ್ಲಿಷಿನ ನಡುವೆ ಕನ್ನಡ ಬರುತ್ತಿತ್ತು.

ಕ್ಯಾಪ್ಟನ್ ನಿಂತು ಕೇಳಿದ. ಅವನಿಗೆ ನಿಜವಾಗಿಯೂ ಕುತೂಹಲವಾಗಿತ್ತು.

‘ನಿಮ್ಮ ಊರಿನಲ್ಲಿ ಸರ್ಕಾರ ಬದಲಾಯಿತೆಂದು ಇವನಿಗೆ ಹೇಗೆ ತಿಳಿಯುತ್ತದೆ?’

ಓಟು ಎಣಿಸುತ್ತಾರೆ ಎಂದೆ.

‘ಎಣಿಸಿದ ಮೇಲೆ ನಿಮ್ಮ ಜನರಲ್ ಏನು ಹೇಳುತ್ತಾನೆ?’

ನಮ್ಮ ಸೇನೆಯ ಮುಖ್ಯಸ್ಥ ಆವತ್ತು ಯಾರಿದ್ದರೋ, ಅವರ ಹೆಸರು ನನಗೆ ಗೊತ್ತಿರಲಿಲ್ಲ. ಓದಿದವನು ನಾನು. ಇಷ್ಟು ಸರ್ಕಾರಗಳು ಬಂದು ಹೋಗಿದ್ದವು, ಒಮ್ಮೆಯೂ ಆ ಹೆಸರು ನನಗೆ ಬೇಕಾಗಿರಲಿಲ್ಲ. ಏನೂ ಹೇಳುವುದಿಲ್ಲ ಎಂದೆ. ಕ್ಯಾಪ್ಟನ್ ನಕ್ಕ. ನಾನು ಸುಳ್ಳು ಹೇಳುತ್ತಿದ್ದೇನೆಂದು ಅವನಿಗೆ ಖಾತ್ರಿಯಾಯಿತು.

ಲಾರಿ ಶುರುವಾಯಿತು. ಮಾವ ಹಿಂದಿನ ಬಾಗಿಲಿನ ಸರಪಳಿ ಹಿಡಿದು ಹತ್ತಿಬಿಟ್ಟ. ಬೆಲ್ಟಿನ ಏಣಿ ಹತ್ತಿ ರೂಢಿಯಾದ ಕಾಲು. ಸ್ಟೋರ್‌ಕೀಪರನ ಅಂಗಿಯನ್ನು ಎದೆಯ ಹತ್ತಿರ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತ. ನೀರು ಕೊಟ್ಟಿದ್ದ ಸೈನಿಕ ಬಂದೂಕಿನ ಹಿಂಬದಿಯಿಂದ ಅವನ ಬಲ ಹೆಗಲಿಗೆ ಹೊಡೆದ. ಆ ಸದ್ದು ನಾನು ಕೇಳಿದೆ. ಮಾವ ಕೈ ಬಿಡಲಿಲ್ಲ. ಎರಡನೆಯ ಸಲವೂ ಹೊಡೆದ. ಬಿಡಲಿಲ್ಲ. ನಾನು ಲಾರಿಯ ಪಕ್ಕದಲ್ಲಿ ಓಡುತ್ತ ಬೇಡ, ಬೇಡ ಎನ್ನುತ್ತಿದ್ದೆ, ಯಾರಿಗೆಂದು ನನಗೂ ತಿಳಿಯದು.

ಗೇಟಿನ ಹತ್ತಿರ ಲಾರಿ ನಿಂತಿತು. ಕ್ಯಾಪ್ಟನ್ ಮುಂದಿನಿಂದ ಇಳಿದು ಬಂದ. ಅವನಿಗೆ ಹೊತ್ತಾಗುತ್ತಿತ್ತು. ಪಟ್ಟಣದಲ್ಲಿ ಆ ಹೊತ್ತಿಗೆ ಅಧಿಕಾರಿಗಳೆಲ್ಲ ಜನರಲ್‌ನ ಕಣ್ಣಿಗೆ ಬೀಳಬೇಕೆಂದು ಸೇರುತ್ತಿದ್ದಿರಬೇಕು. ಹೆಗಲು ಮುರಿದ ಒಬ್ಬ ಪರದೇಶಿ ಮುದುಕನನ್ನು ಲಾರಿಯಲ್ಲಿಟ್ಟುಕೊಂಡು ಅಲ್ಲಿಗೆ ಹೋಗುವುದು ಅವನಿಗೆ ಬೇಡವಾಗಿತ್ತು. ಬಿಡಿಸಲು ಹೇಳಿದ. ಬಿಡಿಸಲು ಆಗಲಿಲ್ಲ. ‘ಹಾಗಿದ್ದರೆ ಎರಡನ್ನೂ ಇಳಿಸಿ’ ಎಂದ. ಇಬ್ಬರನ್ನೂ ಒದ್ದು ಕೆಡವಿದರು. ಲಾರಿ ನಮ್ಮ ಡೀಸೆಲ್ ತೆಗೆದುಕೊಂಡು ಹೋಯಿತು.

ಸ್ಟೋರ್‌ಕೀಪರ್ ಕೃತಜ್ಞತೆ ಹೇಳಲಿಲ್ಲ. ಮಣ್ಣಿನಲ್ಲಿ ಕೂತು ಮೊಣಕೈ ನೋಡಿಕೊಂಡ, ಆಮೇಲೆ ನನ್ನ ಮೇಲೆ ರೇಗಿದ. ನೀವು ಸುಮ್ಮನಿದ್ದಿದ್ದರೆ ನನ್ನನ್ನು ಎರಡು ದಿನ ಬಡಿದು ಕಳಿಸುತ್ತಿದ್ದರು, ಎಲ್ಲರಿಗೂ ಹಾಗೆಯೇ ಮಾಡುತ್ತಾರೆ. ಈಗ ನನ್ನ ಮುಖ ಆ ಕ್ಯಾಪ್ಟನ್‌ಗೆ ನೆನಪಿರುತ್ತದೆ. ನೀವು ವಿಮಾನ ಹತ್ತಿ ಹೋಗುತ್ತೀರಿ. ಇದನ್ನೆಲ್ಲ ತನ್ನ ಭಾಷೆಯಲ್ಲಿಯೇ ಹೇಳಿದ್ದರೆ ಎಷ್ಟೋ ವಾಸಿಯಿತ್ತು. ನಮಗೆ ತಿಳಿಯಲೆಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ. ಅವತ್ತೇ ಹೆಂಡತಿಯ ತವರಿಗೆ ಹೊರಟುಹೋದ. ಮಾವನ ಹೆಗಲಿಗೆ ಮಾತ್ರ ತನ್ನ ಶಾಲು ಬಿಚ್ಚಿ ಕಟ್ಟಿ ಹೋಗಿದ್ದ.

ನಾವು ವಿಮಾನ ಹತ್ತಿ ಬಂದೆವು.

ಮಾವನ ಬಲಗೈ ಈಗ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಹಾಲಹರವಿಯಲ್ಲೇ ಇದ್ದಾನೆ. ಊರವರಿಗೆ ಏಣಿಯಿಂದ ಬಿದ್ದೆ ಎಂದು ಹೇಳಿದ್ದಾನೆ. ನಾನು ಹೋದಾಗೆಲ್ಲ ಕೇಳುತ್ತಿದ್ದುದು ಒಂದೇ, ಆ ಮನುಷ್ಯನ ಫೋನು ಹತ್ತಿತೇನು ಎಂದು. ಹತ್ತುತ್ತಿರಲಿಲ್ಲ. ಅವನನ್ನು ಲಾರಿಯಿಂದ ಇಳಿಸಿದ್ದು ಉಳಿಸಿದಂತಾಯಿತೋ ಕೊಂದಂತಾಯಿತೋ ತಿಳಿಯದೆ ತಿಂಗಳುಗಳೇ ಕಳೆದವು. ಒಂದು ಸಲ ಮಾವ, ‘ನಾ ಸುಮ್ನ ಇದ್ದಿದ್ರ ಆತ ಬದುಕ್ತಿದ್ನೇನೊ ಅಳಿಯಾ’ ಎಂದ. ಸೇಂಗಾ ಸುಲಿಯುತ್ತ ಕೂತಿದ್ದೆವು, ಸುಲಿಯುತ್ತಲೇ ಇದ್ದೆವು. ನಾನು ರಾತ್ರಿ ಆ ದೇಶದ ಸುದ್ದಿಗಳನ್ನು ಹುಡುಕಿ ಓದುತ್ತಿದ್ದೆ. ಹೊಸ ಸಮಿತಿಯವರೂ ಹೋದರು, ಅವರನ್ನು ತೆಗೆದವರು ಬಂದರು. ಪ್ರತಿ ಫೋಟೋದಲ್ಲಿಯೂ ಪಕ್ಕದಲ್ಲಿ ಅದೇ ಉಬ್ಬಿದ ಕೆನ್ನೆ, ಕ್ಯಾಮೆರಾ ನೋಡದ ಕಣ್ಣು.

ಸಚಿವಾಲಯದಲ್ಲಿ ನಾನು ನಗೆಪಾಟಲಾದ ಕೆಲವು ದಿನಗಳಿಗೆ ಹಾಲಹರವಿಗೆ ಹೋಗಿದ್ದೆ. ಮಾವನ ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಗುರುತಿಲ್ಲದ ಉದ್ದದ ನಂಬರಿನಿಂದ ಕರೆ ಬಂತು. ಸ್ಟೋರ್‌ಕೀಪರ್. ಫೋನನ್ನು ಸ್ಪೀಕರಿಗೆ ಹಾಕಿ ಮಾವನ ಮುಂದೆ ಹಿಡಿದೆ. ಮಾವ ಎಡಗೈಯಿಂದ ಬಾಯಿ ಮುಚ್ಚಿಕೊಂಡ.

ಆ ಕ್ಯಾಪ್ಟನ್ ಅವನನ್ನು ಹುಡುಕಿಕೊಂಡು ಬಂದಿರಲಿಲ್ಲ. ಮುಂದಿನ ಗಲಾಟೆಯಲ್ಲಿ ತಪ್ಪು ಕಡೆ ನಿಂತು ಅವನೇ ಜೈಲಿಗೆ ಹೋದನಂತೆ. ಸ್ಟೋರ್‌ಕೀಪರ್ ಊರಿಗೆ ಮರಳಿದ್ದ, ಮಿಲ್ಲು ಮತ್ತೆ ಶುರುವಾಗಿತ್ತು. ಹಿಂದೆ ಯಂತ್ರ ಓಡುವುದು ಕೇಳುತ್ತಿತ್ತು. ಮುದುಕನ ಹೆಗಲು ಹೇಗಿದೆ ಎಂದು ಕೇಳಿದ. ಚೆನ್ನಾಗಿದೆ ಎಂದೆ. ಆಮೇಲೆ ದನಿ ತಗ್ಗಿಸಿ, ಜನರಲ್‌ಗೆ ಕಾಯಿಲೆಯಂತೆ, ಆಸ್ಪತ್ರೆಯಲ್ಲಿದ್ದಾನೆಂದು ಎಲ್ಲರೂ ಮಾತಾಡುತ್ತಿದ್ದಾರೆ, ರೇಡಿಯೋ ಏನೂ ಹೇಳುತ್ತಿಲ್ಲ ಎಂದ. ಈ ಸಲ ಯಾರು ಬಂದು ಏನು ಕೇಳಿದರೂ ನನ್ನ ಹತ್ತಿರ ಉತ್ತರವಿದೆ. ಆಫೀಸಿನ ಗೋಡೆ ಖಾಲಿ. ಹೊಸ ಫ್ರೇಮು ಹಾಕಿಸಲು ಕೊಟ್ಟಿದ್ದೇನೆ ಅನ್ನುತ್ತೇನೆ, ಎಂದ.

ಎರಡೂ ಫೋಟೋ ಇಳಿಸಿದೆಯಾ ಎಂದು ಕೇಳಿದೆ.

‘ಎರಡೂ’ ಎಂದ ಹೆಮ್ಮೆಯಿಂದ.

ನಾನು ಮಾವನಿಗೆ ಕನ್ನಡದಲ್ಲಿ ಹೇಳಿದೆ. ಮಾವನ ಮುಖದಲ್ಲಿದ್ದ ಸಂತೋಷ ನಾನು ಹೇಳಿ ಮುಗಿಸುವುದರೊಳಗೆ ಹೋಯಿತು. ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು, ಆ ಕಡೆಯವನಿಗೆ ತಿಳಿಯುತ್ತದೋ ಇಲ್ಲವೋ ಯೋಚಿಸದೆ, ತಾನೇ ಹೇಳತೊಡಗಿದ.

‘ಆತನ್ನ ಇಳಿಸಬ್ಯಾಡಪಾ. ಆತ ಇನ್ನಾ ಅದಾನ. ಜಲ್ದಿ ಹೋಗಿ ಹಾಕು, ಈಗ ಹೋಗು, ಆಮ್ಯಾಲ ಮಾತಾಡಾಣು.’

ಆ ಕಡೆ ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು, ಆಮೇಲೆ ಓಡುವ ಹೆಜ್ಜೆ. ನಾವಿಬ್ಬರೂ ಜಿನ್ನಿನ ಸದ್ದು ಕೇಳುತ್ತ ಕಾಯತೊಡಗಿದೆವು.